ಸಕ್ಕರೆಯ ಸೂಜಿಯಲ್ಲ

ಮುಚ್ಚಳ ತೆಗೆದ ಮೇಲೆ ಸೂಜಿಯ ತುದಿಯಲ್ಲಿ ಒಂದು ಹನಿ ನಿಲ್ಲುತ್ತದೆ, ಅಲ್ಲಾಡಿಸದಿದ್ದರೆ ಬೀಳುವುದಿಲ್ಲ. ವಾರಕ್ಕೊಮ್ಮೆ ಕೋಣೆಯ ಬಾಗಿಲು ಹಾಕಿಕೊಂಡು ನಾನು ಅದನ್ನು ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದೆ. ಮೈಸೂರಿನ ವೈದ್ಯರು ತೂಕ ಇಳಿಸಲು ಬರೆದುಕೊಟ್ಟ ಔಷಧಿ. ಕುಶಾಲನಗರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನನಗೆ ಬೊಜ್ಜು ಒಂದು ಕಾಯಿಲೆ ಎಂಬುದು ಗೊತ್ತಿತ್ತು. ಆದರೂ ಹಾರಂಗಿ ಕಾಲುವೆಯ ಏರಿಯ ಮೇಲೆ ವರ್ಷಗಟ್ಟಲೆ ನಡೆದು ಇಳಿಸಲಾಗದ್ದನ್ನು ಸೂಜಿಯಿಂದ ಇಳಿಸುವುದು ಪರೀಕ್ಷೆಯಲ್ಲಿ ನಕಲು ಮಾಡಿದಂತೆ ಅನ್ನಿಸುತ್ತಿತ್ತು. ಪೆನ್ನಿನಂತಿದ್ದ ಆ ಸೂಜಿಯನ್ನು ಫ್ರಿಜ್ಜಿನಲ್ಲಿ ಸೊಪ್ಪಿನ ಕೆಳಗೆ ಇಡುತ್ತಿದ್ದೆ.

ಅಪ್ಪನ ಅಕ್ಕ, ನನ್ನ ಅತ್ತೆ, ನಮ್ಮ ಜೊತೆಯಲ್ಲೇ ಇರುವವರು. ಸಕ್ಕರೆ ಕಾಯಿಲೆಗೆ ದಿನವೂ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಕೊತ್ತಂಬರಿ ಹುಡುಕುವಾಗ ಅವರ ಕೈಗೆ ನನ್ನ ಸೂಜಿ ಸಿಕ್ಕಿತು.

"ನಿಂಗೂ ಬಂತಾ ಮಗ? ಇಷ್ಟ್ ಚಿಕ್ಕ ವಯಸ್ಸಿಗೆ?" ಎಂದು ತಲೆ ಸವರಿದರು.

ನಾನು ಇಲ್ಲ ಎನ್ನಲಿಲ್ಲ. "ನಿನ್ ಮದ್ವೆಗೆ ಬಾಗ್ಲು ಅಗ್ಲ ಮಾಡಿಸ್ಬೇಕು ಕಣೆ" ಎಂದು ನಗುತ್ತಿದ್ದವರು ಅಂದಿನಿಂದ ಆ ಮಾತೆತ್ತಲಿಲ್ಲ. ಅಮ್ಮ ಮುದ್ದೆ ಸಣ್ಣದು ಮಾಡಿದಳು, ತಟ್ಟೆಯಲ್ಲಿ ಬಿಟ್ಟರೂ ಬೈಯಲಿಲ್ಲ. ದಪ್ಪಗಿರುವುದಕ್ಕೆ ಸಿಗದ ಕರುಣೆ ಸಕ್ಕರೆಗೆ ಸಿಕ್ಕಿತ್ತು. ನನಗದು ಹಿತವಾಗಿಯೇ ಇತ್ತು.

ಒಂದು ಭಾನುವಾರ ಸಂಜೆ ಅತ್ತೆಯ ಇನ್ಸುಲಿನ್ ಮುಗಿದುಹೋಗಿತ್ತು. ಹತ್ತಿರದ ಮೆಡಿಕಲ್ ಶಾಪ್ ಮುಚ್ಚಿತ್ತು.

"ನಿಂದ್ರಲ್ಲೇ ಒಂದ್ ಹಾಕ್ಬಿಡು. ಎಲ್ಲಾ ಸಕ್ಕರೆ ಸೂಜಿನೇ ಅಲ್ವಾ," ಎಂದರು. ಅದು ಆಗಲೇ ಅವರ ಕೈಯಲ್ಲಿತ್ತು.

ಈ ಬಗೆಯ ಔಷಧಿಯನ್ನು ಕೆಲವರಿಗೆ ಸಕ್ಕರೆಗೂ ಕೊಡುವುದುಂಟು. ಆದರೆ ಇನ್ಸುಲಿನ್ನಿನ ಬದಲು ಅದನ್ನು ಹಾಕಿಕೊಳ್ಳುವಂತಿಲ್ಲ. ನಾನು ಸುಮ್ಮನಿದ್ದರೆ ಅವರಿಗೆ ಏನಾದರೂ ಆಗಬಹುದಿತ್ತು.

"ಕೊಡಿ ಅತ್ತೆ. ಇದು ನಿಮ್ಗಲ್ಲ. ನಂಗೆ ಸಕ್ಕರೆ ಇಲ್ಲ. ಇದು ತೂಕ ಇಳ್ಸೋಕೆ."

ಅಮ್ಮ ಒಲೆ ಸಣ್ಣ ಮಾಡಿದಳು.

"ತೆಳ್ಳಗಾಗೋಕೆ ಸೂಜಿನಾ?" ಎಂದರು ಅತ್ತೆ. "ಬಾಯಿ ಕಟ್ಟಿದ್ರೆ ಆಗಲ್ವಾ? ಸೋಮಾರಿ ಕಣೆ ನೀನು."

"ನಿಮ್ಗೆ ಬಾಯಿ ಕಟ್ಟಿದ್ಕೇ ಸಕ್ಕರೆ ಇಳೀತಾ?"

"ನಂದು ಕಾಯ್ಲೆ."

"ನಂದೂ ಕಾಯ್ಲೆನೇ ಅತ್ತೆ."

ಮಾತು ತರಗತಿಯಲ್ಲಿ ಬರುವಷ್ಟೇ ಸಲೀಸಾಗಿ ಬಂತು. ನಕಲು ಮಾಡುವವಳ ಅಳುಕು ಅದರಲ್ಲಿರಲಿಲ್ಲ.

ಅತ್ತೆಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಯ ಎದುರಿನ ಅಂಗಡಿಗೆ ಹೋದೆ. ಅರ್ಧ ದಾರಿಯಲ್ಲಿ ಅವರು ಹಿಂದಿನಿಂದ ಕೇಳಿದರು, "ಅದ್ ಹಾಕ್ಕೊಂಡ್ರೆ ಹಸಿವೇ ಆಗಲ್ವಾ?"

"ಆಗುತ್ತೆ. ಬೇಗ ಸಾಕು ಅನ್ಸುತ್ತೆ."

"ಮತ್ತೆ ನಮ್ ಡಾಕ್ಟ್ರಿಗೇನಾಗಿತ್ತು, ನಂಗೆ ಹೇಳೇ ಇಲ್ವಲ್ಲ."

ಮರುದಿನ ಬೆಳಿಗ್ಗೆ ಅಮ್ಮ ನನ್ನ ತಟ್ಟೆಗೆ ಎರಡನೇ ಅಕ್ಕಿರೊಟ್ಟಿ ಹಾಕಲು ಬಂದಳು. "ಸಾಕು" ಎಂದೆ. ರೊಟ್ಟಿ ಹಿಡಿದುಕೊಂಡು ನಿಂತೇ ಇದ್ದಳು. ನಾನು ಕಾರಣ ಕೊಡಲಿಲ್ಲ. ತಟ್ಟೆ ತೊಳೆದಿಟ್ಟು ಕಾಲೇಜಿಗೆ ಹೊರಟೆ.