ಅಜ್ಜಿಯ ಕೋಣೆಗೆ ಬಂಗಲೆಯ ಕಿಟಕಿ

ಕೊಡಗು ಇನ್ನೂ ತನ್ನಷ್ಟಕ್ಕೆ ತಾನೇ ಒಂದು ರಾಜ್ಯವಾಗಿದ್ದ ಕಾಲ. ನೆಲ್ಯಹುದಿಕೇರಿ ಕಡೆ ಹಳೇ ಬಂಗಲೆಯೊಂದನ್ನು ಕೆಡವುತ್ತಿದ್ದಾರೆಂದು ಕೇಳಿ ಅಪ್ಪ ಗಾಡಿ ಕಟ್ಟಿಕೊಂಡು ಹೋದರು. ಸಂಜೆ ಬಂದಾಗ ಗಾಡಿಯ ಹುಲ್ಲಿನ ಮೇಲೆ ಗಾಜಿನ ಕಿಟಕಿಯೊಂದು ಮಲಗಿತ್ತು. ಬಿಳಿ ಬಣ್ಣ, ಹೊರಕ್ಕೆ ತೆರೆಯುವ ಎರಡು ರೆಕ್ಕೆ. ಅಪ್ಪ ಅದರ ಪಕ್ಕ ನಿಂತ ಠೀವಿ ನೋಡಿದರೆ ಎಸ್ಟೇಟಿನ ದೊರೆಯನ್ನೇ ಹೊತ್ತು ತಂದ ಹಾಗಿತ್ತು.

"ಮುಂದಿನ ಕೋಣೆಗೆ ಇದನ್ನೇ ಹಾಕ್ಸೋದು," ಎಂದರು.

ಮುಂದಿನ ಕೋಣೆ ಅಜ್ಜಿಯದು. ನಮ್ಮದು ಹಾಸನದ ಕಡೆಯಿಂದ ಬಂದ ಅಜ್ಜ ಕಟ್ಟಿಸಿದ ತಗ್ಗು ಹೆಂಚಿನ ಮನೆ. ಆ ಕೋಣೆಯ ಕಿಟಕಿಗೆ ಹಲಸಿನ ಚೌಕಟ್ಟು, ಒತ್ತೊತ್ತಾಗಿ ಮರದ ಸರಳು. ಮೊಣಕಾಲು ಕೈಕೊಟ್ಟ ಮೇಲೆ ಅಜ್ಜಿಗೆ ಲೋಕವೆಂದರೆ ಅದೊಂದೇ. ಹಾದಿಯಲ್ಲಿ ಹೋಗುವವರೆಲ್ಲ ಅವಳಿಗೆ ಕಾಣುತ್ತಿದ್ದರು, ಅವಳು ಯಾರಿಗೂ ಕಾಣುತ್ತಿರಲಿಲ್ಲ.

"ಗಾಜು ಹಾಕಿದ್ರೆ ನಾನು ಅಡುಗೆಮನೆ ಮೂಲೆ ಸೇರ್ತೀನಿ. ಅಂಗಡಿ ಬಾಟ್ಲಿ ಮಿಠಾಯಿ ಥರ ಎಲ್ರೂ ನನ್ನ ನೋಡೋದು ಬೇಡ," ಎಂದಳು. ಎರಡು ದಿನ ಗೋಡೆಗೆ ಮುಖ ಮಾಡಿ ಮಲಗಿದಳು.

ನಾನು ಗಂಭೀರವಾಗಿ, "ಅಪ್ಪ, ಹಳೇ ಕಿಟಕಿನೇ ಇರ್ಲಿ," ಎಂದೆ.

"ಇದು ಯಾರ ದನಿ ಕಣೋ?" ಎಂದರು ಅಪ್ಪ.

ಪೋಸ್ಟ್‌ಮ್ಯಾನು, ಎಸ್ಟೇಟ್ ರೈಟರು, ಕೊನೆಗೆ ಅಪ್ಪನ ಕೆಮ್ಮನ್ನೂ ಬಿಡದೆ ಅಣಕಿಸುತ್ತಿದ್ದ ನನಗೆ ಮನೆಯಲ್ಲಿ ಸ್ವಂತ ದನಿಯೇ ಉಳಿದಿರಲಿಲ್ಲ.

ಮಾಕುಟ್ಟದ ಆಚೆ ಮಲಯಾಳದಿಂದ ಬಂದು ನೆಲೆಸಿದ್ದ ಬಡಗಿ, ಆಶಾರಿಯನ್ನು ಕರೆಸಿದರು. ಕಿತ್ತ ಹಳೇ ಮರ ಮರಗೆಲಸದವನಿಗೇ ಸೇರುವುದು ನಮ್ಮಲ್ಲಿ ರೂಢಿ. ಹಾಗಾಗಿ ಆಶಾರಿ ಯಾವ ಮರಕ್ಕೆ "ಹೋಯ್ತು" ಅಂದರೂ ಜನ ಮರ ನೋಡುವುದಿಲ್ಲ, ಅವನ ಮುಖ ನೋಡುತ್ತಾರೆ. ಇವನು ಚೌಕಟ್ಟು ತಟ್ಟಿದ, ಕಿವಿ ಇಟ್ಟ, "ಹೋಗಿ ಉಂಟು ಗೌಡ್ರೇ," ಎಂದ. ನಾನು ಅಪ್ಪನ ಬೆನ್ನು ತಟ್ಟಿ, ಕಿವಿ ಇಟ್ಟು, "ಇದೂ ಹೋಗಿ ಉಂಟು ಗೌಡ್ರೇ," ಎಂದೆ. ಆಶಾರಿ ನಗಲಿಲ್ಲ. ನನ್ನ ಅನುಮಾನ ಗಟ್ಟಿಯಾಯಿತು. ನನ್ನ ಅಣಕಕ್ಕೆ ನಗದವನನ್ನು ನಾನು ನಂಬುವುದಿಲ್ಲ.

ಅವನು ಉಳಿಯನ್ನು ನನ್ನ ಕೈಗೇ ಕೊಟ್ಟ. "ನೀನೇ ಚುಚ್ಚು."

ಮೇಲೆ ಚುಚ್ಚಿದೆ, ಕಲ್ಲು. ಪಕ್ಕದಲ್ಲಿ ಚುಚ್ಚಿದೆ, ಕಲ್ಲು. ಕಳ್ಳನನ್ನು ಹಿಡಿದ ಖುಷಿಯಲ್ಲಿ ಎಲ್ಲರ ಮುಖ ನೋಡಿದೆ. ಅವನು ಬೆರಳಲ್ಲಿ ಕೆಳಗಿನ ಮರ ತೋರಿಸಿದ. ಉಳಿ ಹಿಡಿಯವರೆಗೂ ಇಳಿಯಿತು. ಒಳಗಿಂದ ಒದ್ದೆ ಹುಡಿ ಬಂತು, ಕೆಂಪಗೆ. ಮೂಸಿದರೆ ಎಲೆಅಡಿಕೆ.

ಏಳಲಾರದೆ ಅಜ್ಜಿ ವರ್ಷಗಟ್ಟಲೆ ಸರಳಿನ ಸಂದಿಯಲ್ಲೇ ಉಗಿದು, ಚೊಂಬಿನ ನೀರು ಮುಕ್ಕಳಿಸಿದ್ದಳು. ಎಲ್ಲರೂ ಅವಳ ಕಡೆ ತಿರುಗಿದೆವು. ಅಜ್ಜಿ ಯಾರೂ ಇಲ್ಲದ ಹಾದಿಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದಳು.

"ಮಳೆ ಜಾಸ್ತಿ ಈ ಊರಲ್ಲಿ," ಎಂದಳು.

"ಸರಿ, ಹಾಗಾದ್ರೆ ಗಾಜಿಂದೇ," ಎಂದರು ಅಪ್ಪ.

ಆಶಾರಿ ಬಂಗಲೆಯ ಕಿಟಕಿಯನ್ನು ಹೊರಗೋಡೆಗೆ ಎತ್ತಿ ಹಿಡಿದು ನನ್ನ ಕೈಲಿ ರೆಕ್ಕೆ ತೆಗೆಸಿದ. ಅದು ಅರ್ಧ ತೆರೆದು ಸೂರಿನ ಮರಕ್ಕೆ ಟಕ್ಕೆಂದು ತಾಗಿತು.

"ಬಂಗಲೆಗೆ ಸೂರು ಎತ್ತರ ಗೌಡ್ರೇ. ಇದು ತಗ್ಗಿ ನಿಂತ ಮನೆ. ರೆಕ್ಕೆ ಒಳಗೆ ತಿರುಗಿಸಿದ್ರೆ ಅಜ್ಜಿ ಮಂಚ ಉಂಟು. ಕೆಳಗಿನ ಮರ ಒಂದು ಹೊಸದು ಹಾಕುವ, ಸರಳು ಇರ್ಲಿ."

ಅಪ್ಪ ಕಣ್ಣು ಕಿರಿದು ಮಾಡಿದರು. "ಬರೋ ಹಲಸಿನ ಮರ ಬೇಡ ಅನ್ನೋ ಆಶಾರಿನ ನಾನು ಕಂಡಿಲ್ಲ. ಅವ್ವ ನಿನಗೇನು ಕೊಟ್ಟಳು?" ಉತ್ತರಕ್ಕೆ ಕಾಯದೆ ನನ್ನತ್ತ ತಿರುಗಿದರು. "ಇಲ್ಲಾ, ಇದೆಲ್ಲ ನೀನೇ ಹೇಳ್ಕೊಟ್ಟಿದ್ದು."

ಆದರೂ ಇನ್ನೊಮ್ಮೆ ತಾವೇ ರೆಕ್ಕೆ ತೆಗೆದು ನೋಡಿದರು. ಮತ್ತೆ ಟಕ್ಕೆಂದಿತು. ಗಾಜಿನ ಕಿಟಕಿ ಕೊಟ್ಟಿಗೆಗೆ ಹೋಯಿತು.

ಆಶಾರಿ ಹೊಸ ಮರವನ್ನು ಹೊರಕ್ಕೆ ಚೂರು ಇಳಿಜಾರಾಗಿ ಕೂರಿಸಿದ. ಅಜ್ಜಿ ಬೆರಳಾಡಿಸಿ, "ಯಾಕೋ ಇದು ವಾಲಿದೆ?" ಎಂದಳು.

"ಮಳೆ ಜಾಸ್ತಿ ಅಲ್ವಾ ಅಮ್ಮ," ಎಂದು ಅವನು ಸಾಮಾನು ಕಟ್ಟಿಕೊಂಡು ಹೊರಟ.

ಅಜ್ಜಿ ಸರಳಿಗೆ ಹಣೆ ಹಚ್ಚಿ ಅವನು ತಿರುವು ದಾಟುವವರೆಗೂ ನೋಡಿದಳು. ಆಮೇಲೆ ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದಳು.

"ಅವನ ಮನೆ ಹೊಳೆ ಕಡೆ ಅಲ್ವೇನೋ? ಮತ್ತೆ ಮೇಲಿನ ದಾರಿ ಯಾಕೆ ಹಿಡಿದ?"