ಗುಡ್ಡದ ಕೆಳಮಗ್ಗುಲಲ್ಲಿ ನಿಂತವನು

ಗುಡ್ಡದ ಮೇಲೆ ಮರ ಕಡಿಯುವವರಿಗೆ ತರಬೇತಿ ನಡೆದದ್ದು ಚಿಂಚೋಳಿ ಸೀಮೆಯ ನಮ್ಮ ಶಾಲೆಯ ಕೋಣೆಯಲ್ಲಿ. ಮುಖ್ಯೋಪಾಧ್ಯಾಯನಾದ ನಾನೇ ಬಾಗಿಲು ತೆಗೆದಿದ್ದೆ. ಅರಣ್ಯ ಇಲಾಖೆಯ ಅಧಿಕಾರಿಯ ಭಾಷಣವಾಯಿತು, ಚಹಾ ಬಂತು, ಎಲ್ಲರೂ ಪ್ರಮಾಣಪತ್ರ ಹಿಡಿದು ಫೋಟೋಗೆ ನಿಂತರು. ಗರಗಸವನ್ನು ಯಾರೂ ಮುಟ್ಟಲಿಲ್ಲ. ನನಗೆ ಆಗಲೇ ಅನುಮಾನ ಬಂದಿತ್ತು. ಆದರೂ ಸಾಕ್ಷಿಯೆಂದು ಸಹಿ ಹಾಕಿದೆ.

ವಾರದ ನಂತರ ನಾನು ಗುಡ್ಡದ ರಸ್ತೆಯಲ್ಲಿ ಹೋಗುವಾಗ, ಅದೇ ತಂಡ ಒಣಮರವೊಂದನ್ನು ಕೊಯ್ಯುತ್ತಿತ್ತು. ಗರಗಸ ಹಿಡಿದವನು ಇಳಿಜಾರಿನ ಕೆಳಮಗ್ಗುಲಲ್ಲಿ ನಿಂತಿದ್ದ. ಮರ ವಾಲಿದ್ದೂ ಅವನ ಕಡೆಗೇ.

"ಮ್ಯಾಲ ಬಾರಪ್ಪಾ!" ಎಂದು ಕೂಗಿದೆ.

"ತರಬೇತಿ ಆಗ್ಯಾದ್ರಿ ಸರ. ನೀವೇ ಸಹಿ ಮಾಡೀರಲ್ಲ!" ಎಂದು ನಕ್ಕ.

ತಂಡದ ಹಿರಿಯನೊಬ್ಬ ಓಡಿಬಂದು ಅವನ ರಟ್ಟೆ ಹಿಡಿದು ಮೇಲಕ್ಕೆ ಎಳೆದ. ಬುಡ ಲಟಲಟ ಎಂದಿತು. ಮರ ಬಿದ್ದಾಗ ಅದರಡಿ ಉಳಿದದ್ದು ಅವನ ಒಂದು ಚಪ್ಪಲಿ.

"ಕಾಗದ ತೋರ್ಸಿದ್ರ ಮರ ಸರೀತದೇನಲೇ?" ಎಂದ ಹಿರಿಯ.

ಮುಂದಿನ ತರಬೇತಿಗೆ ಅದೇ ಅಧಿಕಾರಿ ಶಾಲೆಯ ಕೋಣೆಯ ಕೀಲಿಕೈ ಕೇಳಿದರು. ನಾನು ಕೊಡಲಿಲ್ಲ.

"ತಂಡದಾಗಿನ ಆ ಹಿರಿಯನ್ನ ಕರ್ಕೊಂಡು ಗುಡ್ಡಕ್ಕ ನಡೀರಿ ಸಾಹೇಬ್ರ. ಅಲ್ಲಿ ಕಲಿಸೋದು ನೋಡಿದ ಮ್ಯಾಲ ಸಹಿ ಮಾಡ್ತೀನಿ," ಎಂದೆ.