ಎದ್ದು, ಕೂತು, ಮತ್ತೆ ಎದ್ದು ನಿಲ್ಲುವ ನೋರೀನ್

ಜನವರಿಯಲ್ಲಿ ಲಂಡನ್ನಿಗೆ ಬೆಳಗಾಗುವುದೇ ಎಂಟು ಗಂಟೆಗೆ. ಸಂಸತ್ತಿನ ಕೆಳಮನೆಯ ಬಾಗಿಲು ತೆಗೆಯುವುದೂ ಅದೇ ಹೊತ್ತಿಗೆ. ಆ ಬಾಗಿಲ ಮುಂದೆ ಇವತ್ತು ಒಬ್ಬರೇ ನಿಂತಿದ್ದಾರೆ. ಮೊಣಕಾಲಿಗೆ ಪಟ್ಟಿ, ಮೈಮೇಲೆ ತೋಳು ಸವೆದ ನೀಲಿ ಕೋಟು, ಕೈಯಲ್ಲಿ ತಮ್ಮ ಹೆಸರು ಬರೆದ ಪುಟ್ಟ ಕಾರ್ಡು. ನೋರೀನ್ ಥ್ಯಾಕ್ರೆ, ವಯಸ್ಸು ಅರವತ್ತಾರು. ಯಾರ್ಕ್‌ಷೈರ್ ಕಡಲಂಚಿನ ಹ್ಯಾಲ್ವಿಕ್ ಎಂಬ ಊರಿನ ಸದಸ್ಯೆ, ಆಡಳಿತ ಪಕ್ಷದ ಕಟ್ಟಕಡೆಯ ಬೆಂಚಿನವರು.

ಕರಿಯ ಉದ್ದಕೋಟಿನ ದ್ವಾರಪಾಲಕ ಲೆಸ್ಲಿ ಪೈಕ್ ಬೀಗ ತೆಗೆಯುತ್ತಾ ಕೇಳುತ್ತಾನೆ, "ಏನ್ ಮೇಡಂ, ಕೋಳಿ ಕೂಗೋಕೆ ಮುಂಚೆನೇ ಬಂದ್ಬಿಟ್ರಾ?"

"ಈ ಊರಲ್ಲಿ ಕೋಳಿ ಎಲ್ಲಿದೆಯಪ್ಪಾ? ಇರೋದೆಲ್ಲ ಹದ್ದುಗಳೇ."

"ಇವತ್ತು ಯಾವುದರ ಮೇಲೆ ಭಾಷಣ? ಜೇನುಹುಳಾನಾ, ಬಸ್ಸಾ, ಹಲ್ಲುನೋವಾ?"

"ಇವತ್ತು ಒಂದೇ ಒಂದು," ಎನ್ನುತ್ತಾರೆ ನೋರೀನ್. ಲೆಸ್ಲಿಯ ನಗು ಅಲ್ಲಿಗೇ ನಿಲ್ಲುತ್ತದೆ. ಆ ಒಂದು ಯಾವುದೆಂದು ಅವನಿಗೆ ಗೊತ್ತು.

ಈ ಮನೆಯಲ್ಲಿ ಸದಸ್ಯರಿಗಿಂತ ಸೀಟುಗಳು ಕಡಿಮೆ. ಬೇಕಾದ ಜಾಗ ಸಿಗಬೇಕೆಂದರೆ ಬೆಳಿಗ್ಗೆ ತಾವೇ ಬಂದು ಬೆಂಚಿನ ಮೇಲೆ ಕಾರ್ಡು ಇಡಬೇಕು. ಆಮೇಲೆ ಪ್ರಾರ್ಥನೆಯ ಹೊತ್ತಿಗೆ ಬಂದು, ಎಲ್ಲರ ಜೊತೆ ಗೋಡೆಯ ಕಡೆಗೆ ತಿರುಗಿ ನಿಂತು ತಲೆ ಬಾಗಿಸಬೇಕು. ಆಗ ಆ ಜಾಗ ಆ ದಿನದ ಮಟ್ಟಿಗೆ ಅವರದು. ನೋರೀನ್ ಕಾರ್ಡು ಇಡುವುದು ಕಂಬದ ಪಕ್ಕದ ಒಂದು ಮೂಲೆಯಲ್ಲಿ. ಏಳುವಾಗ ಆ ಕಂಬ ಹಿಡಿದುಕೊಳ್ಳಬಹುದು ಎನ್ನುವುದೊಂದೇ ಅದರ ಸುಖ.

ಏಳುವುದೇ ಇಲ್ಲಿಯ ಕೆಲಸ. ಮಾತಾಡಬೇಕೆನ್ನುವವರು ಒಬ್ಬರ ಭಾಷಣ ಮುಗಿದಾಗಲೆಲ್ಲ ಎದ್ದು ನಿಲ್ಲಬೇಕು, ಸಭಾಧ್ಯಕ್ಷರ ಕಣ್ಣಿಗೆ ಬೀಳಬೇಕು. ಬೇರೆಯವರ ಹೆಸರು ಕರೆದರೆ ಕೂರಬೇಕು, ಅವರು ಮುಗಿಸಿದ ಮೇಲೆ ಮತ್ತೆ ಏಳಬೇಕು. ಮಂತ್ರಿಯಾಗುವ ಅದೃಷ್ಟವಿದ್ದವರಿಗೆ ಈ ಕವಾಯತು ಬೇಗ ತಪ್ಪುತ್ತದೆ. ನೋರೀನ್ ಹದಿನಾಲ್ಕು ವರ್ಷದಿಂದ ಏಳುತ್ತಲೇ ಇದ್ದಾರೆ, ಕೂರುತ್ತಲೇ ಇದ್ದಾರೆ.

ಅವರು ಮಾತಾಡದ ವಿಷಯ ಹುಡುಕುವುದು ಕಷ್ಟ. ಕಡಲು ಕೊರೆದು ಬೀಳುವ ಮನೆಗಳು, ರಸ್ತೆ ಗುಂಡಿ, ಜೈಲಿನ ಕಂಬಳಿ, ನಿಂತುಹೋದ ಭಾನುವಾರದ ಬಸ್ಸು, ಹಲ್ಲಿನ ಡಾಕ್ಟರಿಲ್ಲದೆ ಇಕ್ಕಳದಲ್ಲಿ ತಾನೇ ಹಲ್ಲು ಕಿತ್ತುಕೊಂಡ ಮೀನುಗಾರ, ಎಲ್ಲೋ ದೂರದ ದ್ವೀಪದ ಚಂಡಮಾರುತ. ಹೆಚ್ಚಿನ ಸಲ ಕೇಳುವುದಕ್ಕೆ ಐದಾರು ಜನ. ಅದರಲ್ಲೂ ಇಬ್ಬರು ಮೊಬೈಲು ನೋಡುತ್ತಿರುತ್ತಾರೆ. ಪಕ್ಷದವರೇ ಅವರನ್ನು "ಎಲ್ಲದರ ಸದಸ್ಯೆ" ಎಂದು ಆಡಿಕೊಳ್ಳುತ್ತಾರೆ. ಒಂದು ಪತ್ರಿಕೆಯಂತೂ ಅವರಿಗೆ ಮಾತಿನ ಚಟ ಎಂದೇ ಬರೆಯಿತು. ಬರೆದವನು ಹ್ಯಾಲ್ವಿಕ್ಕಿನ ಚರ್ಚಿನ ಹಿಂದಿನ ಕೋಣೆಯಲ್ಲಿ ಒಂದು ಶನಿವಾರ ಕೂತಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಒದ್ದೆ ಕೊಡೆಗಳನ್ನು ಮೂಲೆಗಿಟ್ಟು ಜನ ಒಬ್ಬೊಬ್ಬರಾಗಿ ಬಂದು ನೋರೀನ್ ಮುಂದೆ ಗೋಳು ಹೇಳಿಕೊಳ್ಳುವುದು ಅಲ್ಲಿಯೇ.

"ನಾನು ಶಾಲೇಲಿ ಅಡುಗೆ ಮಾಡಿ ಬಡಿಸ್ತಿದ್ದವಳು," ಎನ್ನುತ್ತಾರೆ ನೋರೀನ್, ಸಂಸತ್ತಿನ ಕ್ಯಾಂಟೀನಿನಲ್ಲಿ ಬೆಣ್ಣೆ ಹಚ್ಚಿದ ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತಾ. "ಮಗು ತಟ್ಟೆ ಹಿಡ್ಕೊಂಡು ಮುಂದೆ ನಿಂತಿದ್ರೆ, ಇದು ನನ್ನ ಇಲಾಖೆ ಅಲ್ಲ ಕಣೋ, ಆಚೆ ಹೋಗು ಅಂತೀರಾ? ನನಗೆ ಆ ಕಲೆ ಬರಲೇ ಇಲ್ಲ."

ಆ ಶಾಲೆಯ ಅಡುಗೆಮನೆಯಲ್ಲಿ ಅವರು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದರು. ಜೊತೆಗಿದ್ದವರು ಬೆರಿಲ್ ಸ್ಟಾಟ್. ಇಬ್ಬರೂ ಒಂದೇ ಬೀದಿಯವರು. ಒಬ್ಬರು ಆಲೂಗೆಡ್ಡೆ ಹೆಚ್ಚಿದರೆ ಇನ್ನೊಬ್ಬರು ಗ್ರೇವಿ ಕಲಸುತ್ತಿದ್ದರು. ಬಿಸಿನೀರಿನ ಕೊಳವೆಗಳು ಅವರ ತಲೆಯ ಮೇಲೇ ಹಾದುಹೋಗಿದ್ದವು, ಬಿಳಿ ಸುತ್ತು ಸುತ್ತಿಕೊಂಡು. ಹಬೆ ತಗುಲಿ ಆ ಸುತ್ತು ಸಡಿಲವಾದಾಗ ಪುಡಿ ಉದುರುತ್ತಿತ್ತು. ಬೆಳಿಗ್ಗೆ ಬಂದವರೇ ಕಟ್ಟೆ ಒರೆಸಿ, ಏಪ್ರನ್ನು ಕೊಡವಿಕೊಂಡು ಕೆಲಸ ಶುರು ಮಾಡುತ್ತಿದ್ದರು.

"ಕ್ರಿಸ್‌ಮಸ್ ಹತ್ರ ಬಂದಾಗ ಬೆರಿಲ್ ಪೊರಕೆ ಕೋಲಲ್ಲಿ ಕೊಳವೆ ತಟ್ಟೋಳು. 'ನೋಡೇ, ಹಿಮ ಬಿತ್ತು, ಹಾಡು ಹೇಳೇ' ಅನ್ನೋಳು. ಇಬ್ಬರೂ ನಗ್ತಾ ನಿಂತ್ಕೊಂಡು ಆ ಪುಡೀನ ಉಸಿರಾಡಿದೀವಿ. ಅದು ಆಸ್‌ಬೆಸ್ಟಾಸ್ ಅಂತ ನಮಗೆ ಹೇಳಿದೋರೇ ಇಲ್ಲ."

ಮೂವತ್ತು ವರ್ಷ ಸುಮ್ಮನಿದ್ದ ಆ ಪುಡಿ ಕಳೆದ ವಸಂತದಲ್ಲಿ ಬೆರಿಲ್ ಅವರ ಎದೆಯಲ್ಲಿ ಕ್ಯಾನ್ಸರ್ ಆಗಿ ಎದ್ದಿತು. ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. ಇದಕ್ಕೆ ಮದ್ದಿಲ್ಲ ಎಂದರು.

ಅದೇ ಹೊತ್ತಿಗೆ ಸರ್ಕಾರ ಒಂದು ಮಸೂದೆ ತಂದಿತು. ಹಳೆಯ ಕಟ್ಟಡಗಳಿಂದ ಆಸ್‌ಬೆಸ್ಟಾಸನ್ನು ಗಡುವಿನೊಳಗೆ ತೆಗೆಸಬೇಕು, ಕಚೇರಿಯಿರಲಿ, ಕಾರ್ಖಾನೆಯಿರಲಿ. ಆದರೆ ಶಾಲೆಗಳನ್ನು ಮಾತ್ರ "ಮುಂದೆ ನೋಡೋಣ" ಎಂದು ಪಕ್ಕಕ್ಕಿಟ್ಟರು. ಬೆರಿಲ್ ದುಡಿದ ಅಡುಗೆಮನೆಯಲ್ಲಿ ಕೊಳವೆಗಳಿಗೆ ಒಂದು ಸುತ್ತು ಬಣ್ಣ ಬಳಿದಿದ್ದಾರೆ, ಅಷ್ಟೇ. ಅದರ ಕೆಳಗೆ ಈಗಲೂ ಮೂವರು ಹೆಂಗಸರು ಅಡುಗೆ ಮಾಡುತ್ತಾರೆ, ಬಾಗಿಲಾಚೆ ಮಕ್ಕಳು ಊಟ ಮಾಡುತ್ತಾರೆ. ಶಾಲೆಗಳನ್ನೂ ಸೇರಿಸಿ ಎಂಬ ತಿದ್ದುಪಡಿಗಾಗಿ ನೋರೀನ್ ಪಟ್ಟು ಹಿಡಿದರು. ನಾನು ಕಣ್ಣು ಮುಚ್ಚೋದರೊಳಗೆ ಈ ಮಾತನ್ನು ಅಲ್ಲಿ ಹೇಳು ಎಂದು ಬೆರಿಲ್ ಕೇಳಿದ್ದರು. ಕೇಳಿದ್ದು ಅಷ್ಟನ್ನೇ.

ಮಸೂದೆಯ ಮೊದಲ ದೊಡ್ಡ ಚರ್ಚೆ ನವೆಂಬರಿನಲ್ಲಿ ಬಂತು. ಅವತ್ತು ಮಧ್ಯಾಹ್ನ ಪಕ್ಕದ ಸಭಾಂಗಣದಲ್ಲಿ ಇನ್ನೊಂದು ಸಣ್ಣ ಚರ್ಚೆಯೂ ಇತ್ತು: ಕಡಲದಂಡೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ಕತ್ತೆಗಳ ಯೋಗಕ್ಷೇಮ. ಹ್ಯಾಲ್ವಿಕ್ಕಿನ ಕತ್ತೆಯವನಿಗೆ ನೋರೀನ್ ಮೊದಲೇ ಮಾತು ಕೊಟ್ಟಿದ್ದರು. ಹೊತ್ತು ಲೆಕ್ಕ ಹಾಕಿದರು, ಸಾಕಷ್ಟಿದೆ ಅನ್ನಿಸಿತು. ಕತ್ತೆಗಳ ಗೊರಸಿನ ಬಗ್ಗೆ ಮನಸಾರೆ ಮಾತಾಡಿದರು. ಅತ್ತ ಸದನದಲ್ಲಿ ಮಸೂದೆಗಿಂತ ಮುಂಚಿನ ಕಲಾಪಕ್ಕೆ ಮಾತಾಡುವವರೇ ಸಿಗದೆ ಅದು ಅರ್ಧದಲ್ಲೇ ಮುಗಿದುಹೋಯಿತು. ಸದನದಲ್ಲಿ ಏನು ನಡೆಯುತ್ತಿದೆ ಎಂದು ತೋರಿಸುವ ಗೋಡೆಯ ಪರದೆಯಲ್ಲಿ ಅದು ಮೂಡಿತ್ತು. ಭಾಷಣದಲ್ಲಿದ್ದ ನೋರೀನ್ ತಲೆಯೆತ್ತಿ ನೋಡಲಿಲ್ಲ. ಕಾಲೆಳೆದುಕೊಂಡು ಓಡೋಡಿ ಬರುವಷ್ಟರಲ್ಲಿ ಮಂತ್ರಿ ಆಗಲೇ ಎದ್ದು ಮಾತು ಶುರು ಮಾಡಿದ್ದರು.

ಚರ್ಚೆ ಶುರುವಾದಾಗ ಒಳಗಿಲ್ಲದವರನ್ನು ಮಾತಿಗೆ ಕರೆಯುವ ರೂಢಿ ಇಲ್ಲಿಲ್ಲ. ನೋರೀನ್‌ಗೆ ಅದು ಚೆನ್ನಾಗಿ ಗೊತ್ತು. ಆದರೂ ಅವರು ಇಡೀ ಮಧ್ಯಾಹ್ನ ಕಂಬ ಹಿಡಿದು ಎದ್ದರು, ಕೂತರು, ಎದ್ದರು. ಸಭಾಧ್ಯಕ್ಷರ ಕಣ್ಣು ಅವರನ್ನು ದಾಟಿಕೊಂಡು ಹೋಗುತ್ತಲೇ ಇತ್ತು. ಹ್ಯಾಲ್ವಿಕ್ಕಿನ ಆಸ್ಪತ್ರೆಯ ಹಾಸಿಗೆಯಲ್ಲಿ ಬೆರಿಲ್ ಅದನ್ನು ಟಿವಿಯಲ್ಲಿ ನೋಡುತ್ತಿದ್ದರು.

"ನೋರೀನ್ ಆಂಟಿ ಎದ್ದಾಗಲೆಲ್ಲ ಅಮ್ಮ ನನ್ನ ಕೈ ಹಿಡ್ಕೊಂಡು 'ಈಗ ಕರೀತಾರೆ ನೋಡೇ, ಈಗ' ಅಂತಿದ್ರು," ಎಂದು ನೆನೆಯುತ್ತಾಳೆ ಬೆರಿಲ್ ಅವರ ಮಗಳು ಡೆನೀಸ್. "ಕೊನೆಗೆ ನಾನೇ ಟಿವಿ ಆರಿಸಿಬಿಟ್ಟೆ."

ಮರುದಿನವೇ ನೋರೀನ್ ರೈಲು ಹತ್ತಿ ಊರಿಗೆ ಹೋದರು. ಕತ್ತೆ ಚರ್ಚೆಯ ಸುದ್ದಿ ಆಗಲೇ ಅಲ್ಲಿಗೆ ಮುಟ್ಟಿತ್ತು. ಹಾಸಿಗೆ ಪಕ್ಕ ಕೂತು ಬಾಯಿ ತೆರೆಯುವ ಮೊದಲೇ ಬೆರಿಲ್ ಕೇಳಿದರಂತೆ, "ಏನೇ, ನನಗಿಂತ ಕತ್ತೆ ಹೆಚ್ಚಾಯ್ತೇನೇ ನಿನಗೆ?" ಕೇಳಿದವರೇ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ನರ್ಸು ಓಡಿ ಬಂದಳು. ಕ್ರಿಸ್‌ಮಸ್ಸಿಗೆ ಮೂರು ದಿನ ಇರುವಾಗ ಬೆರಿಲ್ ತೀರಿಕೊಂಡರು. ಆ ತಮಾಷೆಯ ಮಾತು ನೋರೀನ್ ಅವರನ್ನು ಇನ್ನೂ ಚುಚ್ಚುತ್ತದೆ. ಹೇಳುವಾಗ ಅವರು ಬ್ರೆಡ್ಡನ್ನು ತಟ್ಟೆಯ ಅಂಚಿಗೆ ಸರಿಸಿ ಕಣ್ಣೊರೆಸಿಕೊಳ್ಳುತ್ತಾರೆ.

"ಬೈದಿದ್ರೆ ತಡ್ಕೋಬಹುದಿತ್ತು. ನಕ್ಕುಬಿಟ್ಳು ಕಣ್ರೀ."

ಇವತ್ತು ಮಸೂದೆಯ ಕೊನೆಯ ದಿನ. ನೋರೀನ್ ಬೇರೆ ಎಲ್ಲ ಚರ್ಚೆಗಳಿಗೂ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದಾರೆ. ಅವರ ಬಾಯಲ್ಲಿ ಇಲ್ಲ ಎಂಬ ಮಾತು ಕೇಳಿ ಕಚೇರಿಯ ಹುಡುಗಿ ಮೈ ಹುಷಾರಿಲ್ವಾ ಮೇಡಂ ಎಂದು ವಿಚಾರಿಸಿದಳಂತೆ. ಪ್ರಾರ್ಥನೆ ಮುಗಿದದ್ದೇ ಅವರು ಮೂಲೆ ಹಿಡಿದು ಕೂತವರು ಕದಲುವುದಿಲ್ಲ. ನೀರು ಕುಡಿದರೆ ಎದ್ದು ಹೋಗಬೇಕಾದೀತೆಂದು ನೀರನ್ನೂ ಕುಡಿಯುವುದಿಲ್ಲ. ಪಕ್ಷದ ಮುಖಂಡರ ಕಡೆಯವನೊಬ್ಬ ಬೆಂಚುಗಳ ನಡುವೆ ನುಸುಳಿ ಬಂದು ಕಿವಿಯಲ್ಲಿ ಉಸುರುತ್ತಾನೆ.

"ನಮ್ಮೋರೆಲ್ಲ ತಿದ್ದುಪಡಿ ವಿರುದ್ಧ ಅಂತ ತೀರ್ಮಾನ ಆಗಿದೆ ನೋರೀನ್. ಸುಮ್ನೆ ಯಾಕೆ ಎದುರು ಹಾಕ್ಕೋತೀರಿ?"

"ನೀನು ಚಿಕ್ಕೋನಿದ್ದಾಗ ಶಾಲೇಲಿ ಬಿಸಿಯೂಟ ಮಾಡಿದೀಯೇನಪ್ಪಾ?"

"ಮಾಡಿದೀನಿ."

"ಹಾಗಾದ್ರೆ ಹೋಗಿ ಕೂತ್ಕೋ."

ಚರ್ಚೆ ಸಾಗುತ್ತದೆ. ದೊಡ್ಡವರು ದೊಡ್ಡದಾಗಿ ಮಾತಾಡುತ್ತಾರೆ. ನೋರೀನ್ ಏಳುತ್ತಾರೆ, ಕೂರುತ್ತಾರೆ. ಹೊತ್ತು ಕಡಿಮೆಯಾದಂತೆ ಒಬ್ಬೊಬ್ಬರಿಗೆ ಕೊಡುವ ಸಮಯವನ್ನೂ ಇಳಿಸುತ್ತಾ ಬರುತ್ತಾರೆ. ಏಳುವ ಪ್ರತಿಸಲವೂ ಅವರ ಕೈ ಕಂಬವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಎರಡು ಸಲ ಕೆಮ್ಮು ಒತ್ತರಿಸಿ ಬಂದು ಕರವಸ್ತ್ರ ಬಾಯಿಗೊತ್ತಿಕೊಳ್ಳುತ್ತಾರೆ. ಸಾಲಿನಲ್ಲಿ ಕೊನೆಯವರಾಗಿ ಅವರ ಹೆಸರು ಕೇಳಿಬಂದಾಗ ಉಳಿದಿರುವುದು ಎರಡೇ ನಿಮಿಷ.

"ಮಾನ್ಯ ಸಭಾಧ್ಯಕ್ಷರೇ, ನಾನು ಬೆರಿಲ್ ಸ್ಟಾಟ್ ಅನ್ನೋ ಹೆಂಗಸಿನ ಹೆಸರನ್ನ ಈ ಸದನದಲ್ಲಿ ಹೇಳ್ಬೇಕು," ಎಂದು ಶುರು ಮಾಡುತ್ತಾರೆ ನೋರೀನ್. "ಹ್ಯಾಲ್ವಿಕ್ಕಿನ ಎರಡು ತಲೆಮಾರಿನ ಮಕ್ಕಳು ಅವಳ ಕೈಯೂಟ ಉಂಡಿದಾರೆ. ಅವಳನ್ನ ಕೊಂದದ್ದು ಅಡುಗೆಮನೆ. ಆ ಅಡುಗೆಮನೆ ಇವತ್ತೂ ನಡೀತಿದೆ. ಮಧ್ಯಾಹ್ನ ಅಲ್ಲಿ ಮೀನು, ಬಟಾಣಿ ಬಡಿಸಿದಾರೆ. ಮಂತ್ರಿಗಳು ಮುಂದೆ ನೋಡೋಣ ಅಂತಾರೆ. ಎಷ್ಟು ಮುಂದೆ ಅಂತ ಅಲ್ಲಿ ಅಡುಗೆ ಮಾಡೋ ಮೂವರು ಹೆಂಗಸರಿಗೆ ಅವರೇ ಬಂದು ಹೇಳ್ಲಿ." ಅಷ್ಟರಲ್ಲಿ ಕೆಮ್ಮು ಬರುತ್ತದೆ. ಗಡಿಯಾರ ನಿಲ್ಲುವುದಿಲ್ಲ. ಉಳಿದ ಮಾತನ್ನು ಕೆಮ್ಮೇ ತಿಂದುಹಾಕುತ್ತದೆ.

ಮೇಲೆ, ಗಾಜಿನ ಹಿಂದಿನ ಗ್ಯಾಲರಿಯಲ್ಲಿ ಡೆನೀಸ್ ತಾಯಿಯ ಹೆಸರು ಕೇಳಿದ್ದೇ ಎದ್ದು ನಿಂತಿದ್ದಾಳೆ. ಕೂತ್ಕೊಳ್ಳಮ್ಮಾ ಎಂದು ಕಾವಲಿನವನು ಬಂದು ಮೆಲ್ಲಗೆ ಹೇಳುತ್ತಾನೆ.

ಮಂತ್ರಿ ಉತ್ತರ ಕೊಡುತ್ತಾರೆ. ಮಾನ್ಯ ಸದಸ್ಯೆ ದಣಿವರಿಯದ ಹೋರಾಟಗಾರ್ತಿ, ಎಲ್ಲ ವಿಷಯಗಳ ಬಗ್ಗೆಯೂ ಅವರಿಗೆ ಕಾಳಜಿ, ಅದರಲ್ಲೂ ಕತ್ತೆಗಳ ಬಗ್ಗೆ. ಸದನ ನಗುತ್ತದೆ. ಶಾಲೆಗಳ ವಿಚಾರ ಪರಿಶೀಲನೆಯಲ್ಲಿರುತ್ತದೆ, ಸದ್ಯಕ್ಕೆ ತಿದ್ದುಪಡಿ ಒಪ್ಪಲಾಗದು. ಗಂಟೆ ಮೊಳಗುತ್ತದೆ, ಸದಸ್ಯರು ಪರಕ್ಕೊಂದು, ವಿರೋಧಕ್ಕೊಂದು ಎಂಬ ಎರಡು ಪಡಸಾಲೆಗಳಲ್ಲಿ ಸಾಲಾಗಿ ಹಾದು ಮತ ಹಾಕುತ್ತಾರೆ. ದಿನವಿಡೀ ಮುಕ್ಕಾಲು ಖಾಲಿಯಿದ್ದ ಸದನಕ್ಕೆ ಆಗ ಎಲ್ಲಿಂದಲೋ ಜನ ಬರುತ್ತಾರೆ. ಬಂದವರಲ್ಲಿ ಹೆಚ್ಚಿನವರು ನೋರೀನ್ ಮಾತು ಕೇಳಿಯೇ ಇಲ್ಲ. ತಿದ್ದುಪಡಿ ದೊಡ್ಡ ಅಂತರದಲ್ಲಿ ಬಿದ್ದುಹೋಗುತ್ತದೆ.

ಹೊರಗಿನ ಪಡಸಾಲೆಯಲ್ಲಿ ಡೆನೀಸ್ ಬಂದು ನೋರೀನ್ ಅವರನ್ನು ತಬ್ಬಿಕೊಂಡು ಅಳುತ್ತಾಳೆ. "ಅಮ್ಮನ ಹೆಸರು ಹೇಳಿದ್ರಲ್ಲ ಆಂಟಿ, ಅದೇ ಸಾಕು."

"ಸಾಕಾಗಲ್ಲ ಕಣೇ," ಎನ್ನುತ್ತಾರೆ ನೋರೀನ್, ಅವಳ ಬೆನ್ನು ಸವರುತ್ತಾ. "ಆ ಕೊಳವೆ ಹಂಗೇ ಇದೆ."

ಲೆಸ್ಲಿ ಒಂದು ಲೋಟ ನೀರು ತಂದುಕೊಡುತ್ತಾನೆ. ಡೆನೀಸ್ ರೈಲಿಗೆ ಹೊತ್ತಾಯಿತೆಂದು ಹೊರಟ ಮೇಲೆ ನೋರೀನ್ ಕಲ್ಲಿನ ಬೆಂಚಿನ ಮೇಲೆ ಕೂತು ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಾರೆ. ಮತ್ತೆ ಕೆಮ್ಮು. ಹೊಸ ವರ್ಷದ ಮೊದಲ ವಾರದಲ್ಲಿ ಅವರೂ ಎದೆಯ ಸ್ಕ್ಯಾನ್ ಮಾಡಿಸಿದ್ದಾರೆ. ಬಲ ಶ್ವಾಸಕೋಶದ ಅಂಚಿನಲ್ಲಿ ಏನೋ ಕಾಣುತ್ತಿದೆ ಎಂದಿದ್ದಾರೆ ಡಾಕ್ಟರು. ಒಂದೇ ಅಡುಗೆಮನೆ, ಒಂದೇ ಕೊಳವೆ, ಅದೇ ಹಿಮ. ಇಂದಿನ ಭಾಷಣದಲ್ಲಿ ಅದನ್ನು ಹೇಳಬಹುದಿತ್ತು. ಹೇಳಿದ್ದರೆ ನಾಳೆಯ ಪತ್ರಿಕೆಗಳ ಮುಖಪುಟಕ್ಕೂ ಬರುತ್ತಿತ್ತೇನೋ.

"ಅವತ್ತು ಅವಳ ಹೊತ್ತನ್ನ ಕತ್ತೆಗೆ ಕೊಟ್ಟೆ. ಇವತ್ತಿನ ಎರಡು ನಿಮಿಷಾನ ನನಗೇ ಇಟ್ಕೊಳ್ಳೋದಾ? ಅದು ಅವಳದು," ಎನ್ನುತ್ತಾರೆ. ಡೆನೀಸ್‌ಗೆ ನಾಳೆ ತಾವೇ ಫೋನು ಮಾಡಿ ಹೇಳುತ್ತಾರಂತೆ. ಆಮೇಲೆ ಇದನ್ನೆಲ್ಲ ನಾವು ಪತ್ರಿಕೆಯಲ್ಲಿ ಬರೆಯಬಹುದಂತೆ, ಅಡ್ಡಿಯಿಲ್ಲವಂತೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಅವರು ಖಾಲಿ ಲೋಟವನ್ನು ಬೆಂಚಿನ ಮೇಲಿಡುತ್ತಾರೆ. ಕೈಯಲ್ಲಿ ಬೆಳಗಿನ ಆ ಕಾರ್ಡು ಇದೆ, ಅಂಚು ಮುದುರಿದೆ.

"ನನ್ನ ಹೆಸರನ್ನೂ ಯಾರಾದರೂ ಅಲ್ಲಿ ಹೇಳೋ ದಿನ ಬರತ್ತೆ. ಅವತ್ತು ಹೇಳೋರು ಹೊತ್ತಿಗೆ ಮುಂಚೆ ಬಂದು ಕೂತಿರಲಿ. ಅಷ್ಟು ಸಾಕಪ್ಪಾ."